ಅತ್ತೆಯ ಪಡಸಾಲೆಯ ಹಾಡುಗಳು

ಓದುಗರ ಪ್ರಶ್ನೆಗಳಿಗೆ ಲಂಡನ್ನಿನಿಂದ ಉತ್ತರ

ಕಳೆದ ಸಂಚಿಕೆಯಲ್ಲಿ ನನ್ನ ಅತ್ತೆಯ ಮನೆಯ ಹಳೆಯ ರೇಡಿಯೋಗ್ರಾಮ್ ಬಗ್ಗೆ ಒಂದು ಪುಟ ಬರೆದಿದ್ದೆ. ಆ ಬರಹ ಓದದವರಿಗಾಗಿ ಎರಡು ಮಾತು. ನನ್ನ ತವರು ಸಾಗರ. 2002ರಲ್ಲಿ ನರ್ಸ್ ಕೆಲಸಕ್ಕೆಂದು ಲಂಡನ್ನಿಗೆ ಬಂದೆ; ಇಲ್ಲಿಯೇ ಜಮೈಕಾ ಮೂಲದ ಕುಟುಂಬವೊಂದಕ್ಕೆ ಸೊಸೆಯಾದೆ. ಅತ್ತೆ 1961ರಲ್ಲಿ, ತಮ್ಮ 19ನೆಯ ವಯಸ್ಸಿನಲ್ಲಿ, ಜಮೈಕಾದಿಂದ ಬಂದವರು. ಅವರೂ ನರ್ಸ್ ಆಗಿದ್ದವರೇ. ನನ್ನ ಗಂಡ ಹುಟ್ಟಿ ಬೆಳೆದದ್ದು ಲಂಡನ್ನಿನ ಲೂಯಿಷಮ್‌ನಲ್ಲಿ. ಆ ಮನೆಯ ಹಾಡು, ಸಿನಿಮಾ, ಧಾರಾವಾಹಿಗಳು ಈಗ ನನ್ನವೂ ಹೌದು. ಪತ್ರಗಳು ಇಷ್ಟೊಂದು ಬರುತ್ತವೆಂದು ಎಣಿಸಿರಲಿಲ್ಲ. ಬರೆದ ಎಲ್ಲರಿಗೂ ನಮಸ್ಕಾರ. ಏಳು ಪತ್ರಗಳನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ಪ್ರ: ಕೆರಿಬಿಯನ್ ಸಂಗೀತವೆಂದರೆ ನನಗೆ ಗೊತ್ತಿರುವುದು ಬಾಬ್ ಮಾರ್ಲಿ ಒಬ್ಬರೇ. ನಿಮ್ಮ ಬರಹದಲ್ಲಿ ಅವರ ಹೆಸರೇ ಇಲ್ಲ. ಬದಲಿಗೆ ಒಂದು ಮರದ ಪೆಟ್ಟಿಗೆಯ ಬಗ್ಗೆ ಪುಟ ತುಂಬಾ ಬರೆದಿದ್ದೀರಿ. ಆ ಪೆಟ್ಟಿಗೆಯಲ್ಲಿ ಅಂಥದ್ದೇನಿದೆ ಮೇಡಂ?
– ಉಪನ್ಯಾಸಕರು, ದಾವಣಗೆರೆ

ಉ: ಮಾರ್ಲಿಯವರ ಹಾಡುಗಳನ್ನು ಸಾಗರದಲ್ಲಿದ್ದಾಗಲೇ ಕ್ಯಾಸೆಟ್ಟಿನಲ್ಲಿ ಕೇಳಿದ್ದೆ. ಈಗಲೂ ಕೇಳುತ್ತೇನೆ. ಆದರೆ ಈ ಮನೆಯ ಸಂಗೀತ ಅವರಿಗಿಂತ ಹಿಂದೆ, ಒಂದು ಬಾಡಿಗೆ ಕೋಣೆಯಲ್ಲಿ ಶುರುವಾಗುತ್ತದೆ.

ಅತ್ತೆ ಬಂದ ಕಾಲಕ್ಕೆ ಕಪ್ಪು ಜನರಿಗೆ ಕೋಣೆ ಕೊಡುವವರೇ ಕಡಿಮೆ. ಬಾಡಿಗೆಗಿದೆ ಎಂಬ ಚೀಟಿಯಲ್ಲಿಯೇ 'ಕರಿಯರಿಗಿಲ್ಲ' ಎಂದು ಬರೆಯುತ್ತಿದ್ದರು. ಪಬ್ಬುಗಳಲ್ಲಿ, ನೃತ್ಯದ ಹಾಲ್‌ಗಳಲ್ಲಿ ಬಾಗಿಲಲ್ಲೇ ತಡೆದು ಕಳುಹಿಸುತ್ತಿದ್ದರು. ಸಾರ್ವಜನಿಕ ಸ್ಥಳಗಳಲ್ಲಿ ಹಾಗೆ ಮಾಡುವುದನ್ನು ತಡೆಯುವ ಕಾನೂನು ಬಂದದ್ದು 1965ರಲ್ಲಿ. ಮನೆ ಮತ್ತು ಕೆಲಸದ ವಿಷಯಕ್ಕೆ ಅದು ವಿಸ್ತರಿಸಲು 1968 ಆಗಬೇಕಾಯಿತು. ಹೊರಗೆ ಎಲ್ಲಿಯೂ ಕಾಲಿಡುವಂತಿಲ್ಲ ಎಂದ ಮೇಲೆ ಹಾಡು ಕೇಳುವುದಕ್ಕೂ, ಕುಣಿಯುವುದಕ್ಕೂ, ನಾಲ್ಕು ಜನರ ಮುಖ ನೋಡುವುದಕ್ಕೂ ಉಳಿದದ್ದು ಮನೆಯೊಂದೇ.

ಮನೆ ಕೊಳ್ಳೋಣವೆಂದರೆ ಸಾಲ ಹುಟ್ಟುತ್ತಿರಲಿಲ್ಲ. ಆಗ ಅವರ ಕೈ ಹಿಡಿದದ್ದು 'ಪಾರ್ಡ್ನರ್'. ಹೆಸರು ಹೊಸದು, ಸಂಗತಿ ನಿಮಗೆ ಚೆನ್ನಾಗಿ ಗೊತ್ತಿರುವುದೇ: ಅದು ನಮ್ಮ ಚೀಟಿ. ನಂಬಿಕೆಯ ಒಂದಷ್ಟು ಜನ ಸೇರಿ ವಾರಕ್ಕಿಷ್ಟು ಎಂದು ಹಾಕುವುದು, ಸರದಿ ಬಂದವರು ಇಡುಗಂಟು ಎತ್ತುವುದು. ಟ್ರಿನಿಡಾಡಿನವರು ಇದನ್ನೇ 'ಸೂಸೂ' ಎನ್ನುತ್ತಾರೆ. ಅತ್ತೆ ಮಾವ ಮನೆಗೆ ಮುಂಗಡ ಕೊಟ್ಟದ್ದು ಪಾರ್ಡ್ನರ್ ದುಡ್ಡಿನಲ್ಲಿ. ಮನೆಯಾದ ಮೇಲೆ ಪಡಸಾಲೆಗೆ ತಂದ ಮೊದಲ ಸಾಮಾನು ಆ ರೇಡಿಯೋಗ್ರಾಮ್, ಅದೂ ಕಂತಿನ ಮೇಲೆ. ಜರ್ಮನಿಯ ಬ್ಲೌಪುಂಕ್ಟ್ ಕಂಪನಿಯದು. ಅದರ ಗುರುತು ನೀಲಿ ಚುಕ್ಕೆಯಾದ್ದರಿಂದ ಎಲ್ಲರ ಬಾಯಲ್ಲಿ ಅದು 'ಬ್ಲೂ ಸ್ಪಾಟ್'. ಹೊಳೆಯುವ ಮರದ ಪೆಟ್ಟಿಗೆ, ಕೆಳಗೆ ಸಣ್ಣ ಕಾಲುಗಳು, ಒಳಗೆ ರೇಡಿಯೋ ಮತ್ತು ತಟ್ಟೆ ತಿರುಗುವ ಯಂತ್ರ ಅಕ್ಕಪಕ್ಕ.

ಅದರ ಮೇಲೆ ಇಂದಿಗೂ ಒಂದು ಕಸೂತಿಯ ಹಾಸು ಇದೆ. ಕ್ರೋಷಾದಲ್ಲಿ ಅತ್ತೆಯೇ ಹೆಣೆದದ್ದು. ಅಂಚಿನ ನಿರಿಗೆಗಳು ಹೂವಿನ ದಳಗಳಂತೆ ನೆಟ್ಟಗೆ ಎದ್ದು ನಿಲ್ಲಬೇಕು. ಅದಕ್ಕೆ ಅವರು ಸಕ್ಕರೆ ಪಾಕ ಕಾಯಿಸುತ್ತಾರೆ! ಹಾಸನ್ನು ಪಾಕದಲ್ಲಿ ಅದ್ದಿ, ಹಿಂಡಿ, ಒಂದೊಂದೇ ನಿರಿಗೆಯನ್ನು ಬೆರಳಿನಿಂದ ಎತ್ತಿ, ಒಳಗೆ ಗಾಜಿನ ಲೋಟ ಕವುಚಿಟ್ಟು ಒಣಗಿಸುತ್ತಾರೆ. ಮೊದಲ ಸಲ ನೋಡಿದಾಗ ನನಗೆ ನೆನಪಾದದ್ದು, ಹತ್ತಿ ಸೀರೆಗೆ ಗಂಜಿ ಹಾಕಿ ಎರಡೂ ತುದಿ ಹಿಡಿದು ಜಗ್ಗುತ್ತಿದ್ದ ನನ್ನ ಅಮ್ಮ. ಅಡುಗೆಮನೆಯ ಪದಾರ್ಥದಿಂದಲೇ ಬಟ್ಟೆಗೆ ಬಿಗಿ ಕೊಡುವ ಈ ವಿದ್ಯೆಯನ್ನು ನೋಡಿದ ದಿನ ನಾನು ಆ ಮನೆಯವಳಾದೆ ಎಂದುಕೊಳ್ಳುತ್ತೇನೆ.

ಭಾನುವಾರ ಬೆಳಿಗ್ಗೆ ಪೆಟ್ಟಿಗೆಯಲ್ಲಿ ಜಿಮ್ ರೀವ್ಸ್. ಹೌದು, ಅಮೆರಿಕದ ಹಳ್ಳಿಗಾಡಿನ ಧಾಟಿಯ ಆ ಮೆಲುದನಿಯ ಬಿಳಿಯ ಗಾಯಕರೇ. ಕೆರಿಬಿಯನ್ ಮನೆಗಳಲ್ಲಿ ಅವರಿಗಿರುವ ಸ್ಥಾನ ನಮ್ಮಲ್ಲಿ ಬೆಳಗಿನ ಭಕ್ತಿಗೀತೆಗಿರುವ ಸ್ಥಾನ. ಒಲೆಯ ಮೇಲೆ ಅನ್ನ ಮತ್ತು ಕಾಳು ತೆಂಗಿನಹಾಲಿನಲ್ಲಿ ಬೇಯುತ್ತಿರುತ್ತದೆ. ಸಾಮಾನ್ಯವಾಗಿ ರಾಜ್ಮಾ ಕಾಳು, ಕ್ರಿಸ್‌ಮಸ್ಸಿಗೆ ಮಾತ್ರ ನಮ್ಮ ತೊಗರಿಕಾಳು. ಶನಿವಾರ ರಾತ್ರಿಯಾದರೆ ಅದೇ ಪೆಟ್ಟಿಗೆಯಿಂದ ಜಮೈಕಾದ ಕುಣಿತದ ಸಂಗೀತ: ಸ್ಕಾ, ರಾಕ್‌ಸ್ಟೆಡಿ, ರೆಗೇ. ಆ ಪೆಟ್ಟಿಗೆಯಲ್ಲಿ ಏನಿದೆ ಎಂದು ಕೇಳಿದಿರಲ್ಲ, ಸರ್. ಊರಲ್ಲಿ ಎಲ್ಲಿಯೂ ಒಳಗೆ ಬಿಟ್ಟುಕೊಳ್ಳದ ಜನ ತಮ್ಮ ದುಡ್ಡಿನಿಂದ ಕಟ್ಟಿಕೊಂಡ ನೃತ್ಯದ ಹಾಲ್ ಇದೆ.

ಪ್ರ: 1974ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ನಡೆದ ಮೊದಲ ಟೆಸ್ಟ್ ಪಂದ್ಯವನ್ನು ನೋಡಿದವನು ನಾನು. ವಿವಿಯನ್ ರಿಚರ್ಡ್ಸ್, ಗಾರ್ಡನ್ ಗ್ರೀನಿಜ್ ಇಬ್ಬರಿಗೂ ಅದೇ ಮೊದಲ ಟೆಸ್ಟ್. ವೆಸ್ಟ್ ಇಂಡೀಸ್‌ನವರು ಕ್ರಿಕೆಟ್ ಮೇಲೆ ಹಾಡು ಕಟ್ಟುತ್ತಾರೆಂದು ಕೇಳಿದ್ದೇನೆ. ನಿಜವೇ?
– ನಿವೃತ್ತ ನೌಕರರು, ಬಸವನಗುಡಿ

ಉ: ನೀವು ನೋಡಿದ ಆ ಪಂದ್ಯದ ಬಗ್ಗೆ ನನ್ನ ಗಂಡನಿಗೆ ಹೇಳಿದೆ; ಊಟ ಬಿಟ್ಟು ಕೂತು ಕೇಳಿದರು. ರಿಚರ್ಡ್ಸ್ ಅವರನ್ನು ನಮ್ಮ ಚಂದ್ರಶೇಖರ್ ಎರಡೂ ಸಲ, 4 ಮತ್ತು 3 ರನ್ನಿಗೆ, ಔಟ್ ಮಾಡಿದ್ದರು. ಗ್ರೀನಿಜ್ 93 ಮತ್ತು 107 ಹೊಡೆದರು. ಆ ಗ್ರೀನಿಜ್ ಬಾರ್ಬಡೋಸ್‌ನಲ್ಲಿ ಹುಟ್ಟಿದರೂ ಹದಿಹರೆಯದಲ್ಲಿ ಇಂಗ್ಲೆಂಡಿನ ರೆಡಿಂಗ್‌ಗೆ ಬಂದು, ಹ್ಯಾಂಪ್‌ಶೈರ್‌ನಲ್ಲಿ ಆಟ ಕಲಿತವರು. ಎಂದರೆ ನನ್ನ ಗಂಡನ ಹಾಗೆ ವಲಸೆಗಾರರ ಮನೆಯ ಹುಡುಗ. ನಿಮ್ಮ ಕಣ್ಣೆದುರಿಗೇ ಈ ಕಥೆಯ ಒಂದು ತುಣುಕು ನಡೆದುಹೋಗಿದೆ.

ಹಾಡಿನ ಮಾತು ಪೂರ್ತಿ ನಿಜ. 1950ರ ಜೂನ್‌ನಲ್ಲಿ ಲಾರ್ಡ್ಸ್ ಮೈದಾನದಲ್ಲಿ ವೆಸ್ಟ್ ಇಂಡೀಸ್ 326 ರನ್ನಿನಿಂದ ಗೆದ್ದಿತು. ಇಂಗ್ಲೆಂಡಿನ ನೆಲದಲ್ಲಿ ಅವರಿಗೆ ಅದು ಮೊದಲ ಟೆಸ್ಟ್ ಗೆಲುವು. ಸನ್ನಿ ರಾಮಾಧೀನ್ 11 ವಿಕೆಟ್, ಆಲ್ಫ್ ವ್ಯಾಲೆಂಟೈನ್ 7. ರಾಮಾಧೀನ್ ಟ್ರಿನಿಡಾಡಿನ ಭಾರತೀಯ ಮೂಲದವರು ಎಂದು ಬೇರೆ ಹೇಳಬೇಕಿಲ್ಲ. ಪಂದ್ಯ ಮುಗಿದದ್ದೇ ತಡ, ಲಾರ್ಡ್ ಕಿಚನರ್ ಎಂಬ ಕ್ಯಾಲಿಪ್ಸೊ (ಆಗುಹೋಗುಗಳ ಮೇಲೆ ಕಟ್ಟುವ ಟ್ರಿನಿಡಾಡಿನ ಹಾಡು) ಹಾಡುಗಾರರು ಗಿಟಾರ್ ಹಿಡಿದು ಮೈದಾನಕ್ಕಿಳಿದರು. ಹಿಂದೆ ಜನ, ಹಾಡು, ಕುಣಿತ. ಮೆರವಣಿಗೆ ಪಿಕಡಿಲಿಯವರೆಗೂ ಹೋಯಿತು. ಲಾರ್ಡ್ ಬಿಗಿನರ್ ಎಂಬ ಇನ್ನೊಬ್ಬರು ಆ ಗೆಲುವಿನ ಮೇಲೆ ಕಟ್ಟಿದ ಹಾಡು ಇವತ್ತಿಗೂ ಕ್ರಿಕೆಟ್ ಹಾಡುಗಳಲ್ಲಿ ಮೊದಲು ನೆನಪಾಗುವಂಥದ್ದು. 'ಲಾರ್ಡ್' ಎನ್ನುವುದು ಸರ್ಕಾರ ಕೊಟ್ಟ ಬಿರುದಲ್ಲ, ಕ್ಯಾಲಿಪ್ಸೊ ಕವಿಗಳು ತಾವೇ ಇಟ್ಟುಕೊಳ್ಳುವ ಅಂಕಿತ. ನಮ್ಮ ಯಕ್ಷಗಾನದಲ್ಲಿ, ತತ್ವಪದಗಳಲ್ಲಿ ಹೆಸರಿನ ಜೊತೆಗೆ ಒಂದು ಗತ್ತು ಇರುತ್ತದಲ್ಲ, ಹಾಗೆ.

ಈ ಇಬ್ಬರೂ ಬಂದದ್ದು ಒಂದೇ ಹಡಗಿನಲ್ಲಿ: 1948ರ ಜೂನ್ 22ರಂದು ಟಿಲ್ಬರಿ ಬಂದರಿನಲ್ಲಿ ಜನ ಇಳಿದ 'ಎಂಪೈರ್ ವಿಂಡ್‌ರಶ್'. ಹಡಗಿನ ಮೇಲೆಯೇ ವಾರ್ತಾಚಿತ್ರದವರು ಕೇಳಿದರೆಂದು ಕಿಚನರ್ ಲಂಡನ್ನನ್ನು ಹೊಗಳಿ ತಾವು ಕಟ್ಟಿದ ಹಾಡನ್ನು ಹಾಡಿದರು. ವಾದ್ಯವಿಲ್ಲ, ವಾದ್ಯಗಳ ದನಿಯನ್ನೂ ಬಾಯಲ್ಲೇ ಮಾಡಿದರು. ಆ ಕೆಲವೇ ಕ್ಷಣಗಳ ಚಿತ್ರ ಈಗಲೂ ಸಿಗುತ್ತದೆ, ದಯವಿಟ್ಟು ಹುಡುಕಿ ನೋಡಿ. ಇನ್ನೂ ನೆಲಕ್ಕೆ ಕಾಲಿಡದ ಊರನ್ನು ಒಬ್ಬ ಮನುಷ್ಯ ಅಷ್ಟು ಪ್ರೀತಿಯಿಂದ ಹಾಡುವುದನ್ನು ನೋಡಿದರೆ ನನಗೆ ಗಂಟಲು ಕಟ್ಟುತ್ತದೆ. ಮುಂದೆ ಆ ಊರು ಅವರನ್ನು ನಡೆಸಿಕೊಂಡ ರೀತಿ ನಮಗೆ ಗೊತ್ತಿದೆಯಲ್ಲ.

ಪ್ರ: ಇವರ ಸಿನಿಮಾ ನೋಡಬೇಕೆಂದರೆ ಯಾವುದರಿಂದ ಶುರು ಮಾಡಲಿ? ಅವರಾಡುವ ಇಂಗ್ಲಿಷ್ ನನಗೆ ಅರ್ಥವಾದೀತೇ?
– ವಿದ್ಯಾರ್ಥಿನಿ, ಧಾರವಾಡ

ಉ: 'ಲವರ್ಸ್ ರಾಕ್'. ನಿರ್ದೇಶಕರು ಸ್ಟೀವ್ ಮೆಕ್ವೀನ್. 2020ರ ನವೆಂಬರ್, ಡಿಸೆಂಬರ್‌ನಲ್ಲಿ ಬಿಬಿಸಿಯಲ್ಲಿ ಬಂದ 'ಸ್ಮಾಲ್ ಆಕ್ಸ್' ಎಂಬ ಐದು ಚಿತ್ರಗಳ ಮಾಲೆಯಲ್ಲಿ ಇದೊಂದು. ಒಂದು ಗಂಟೆ ಹತ್ತು ನಿಮಿಷದ ಒಳಗೇ ಮುಗಿಯುತ್ತದೆ. ಕಥೆ ಎಂದು ಕೇಳಿದರೆ ಒಂದೇ ಸಾಲು: 1980ರ ಸುಮಾರಿಗೆ ಲಂಡನ್ನಿನ ಒಂದು ಮನೆಯಲ್ಲಿ ಶನಿವಾರ ರಾತ್ರಿ ಪಾರ್ಟಿ ನಡೆಯುತ್ತದೆ, ಒಂದು ಹುಡುಗಿಗೆ ಒಬ್ಬ ಹುಡುಗ ಸಿಗುತ್ತಾನೆ.

ಆದರೆ ನೋಡುವುದು ಬಹಳ ಇದೆ. ಮೊದಲಿಗೆ ಮನೆಯ ಸೋಫಾ ಹೊರಗೆ ಹೋಗುತ್ತದೆ, ಕಪಾಟಿನಷ್ಟು ಎತ್ತರದ ಸ್ಪೀಕರ್ ಪೆಟ್ಟಿಗೆಗಳು ಒಳಗೆ ಬರುತ್ತವೆ. ಅಡುಗೆಮನೆಯಲ್ಲಿ ಹೆಂಗಸರು ಆಡಿನ ಮಾಂಸದ ಸಾರಿಗೆ ಒಗ್ಗರಣೆ ಹಾಕುತ್ತಾ ಹಾಡುತ್ತಾರೆ. ಇಂಥ ಮನೆ ಪಾರ್ಟಿಗೆ 'ಬ್ಲೂಸ್' ಎಂದೇ ಹೆಸರು. ಬಾಗಿಲಲ್ಲಿ ಸಣ್ಣ ಮೊತ್ತ ಕೊಟ್ಟು ಒಳಗೆ ಬರುವುದು. ಊಟ, ಕುಡಿಯುವುದಕ್ಕೆ ಬೇರೆ ದುಡ್ಡು. ಆಮೇಲೆ ಆ ಹಾಡು ಬರುತ್ತದೆ: ಜಾನೆಟ್ ಕೇ ಅವರ 'ಸಿಲಿ ಗೇಮ್ಸ್', 1979ರಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿದ್ದು. ಹಾಡು ಮುಗಿಯುತ್ತದೆ. ಕೋಣೆಯಲ್ಲಿರುವವರು ಮಾತ್ರ ನಿಲ್ಲಿಸುವುದಿಲ್ಲ. ವಾದ್ಯವಿಲ್ಲದೆ, ಕಣ್ಣು ಮುಚ್ಚಿ, ನಿಮಿಷಗಟ್ಟಲೆ ಹಾಡುತ್ತಲೇ ಇರುತ್ತಾರೆ. ಹಲಗೆಯ ನೆಲದ ಮೇಲೆ ಪಾದ ಉಜ್ಜುವ ಸದ್ದೇ ತಾಳ. ಆ ಹಾಡಿನಲ್ಲಿ ತಾರಸ್ಥಾಯಿಗಿಂತ ಮೇಲೆ ಏರುವ ಒಂದು ಸ್ವರವಿದೆ. ಅಲ್ಲಿಗೆ ಬಂದಾಗ ಕೋಣೆಯ ಹೆಂಗಸರೆಲ್ಲ ಅದನ್ನು ಮುಟ್ಟಲು ಯತ್ನಿಸುತ್ತಾರೆ. ಕೆಲವರಿಗೆ ಸಿಗುತ್ತದೆ, ಕೆಲವರಿಗೆ ಇಲ್ಲ. ಹಾಡನ್ನು ಮಾಡಿದ ಡೆನಿಸ್ ಬೊವೆಲ್ ಸ್ವತಃ ಆ ಜನರ ನಡುವೆ ಇದ್ದಾರೆ.

ನಾವು ಇದನ್ನು ನೋಡಿದ್ದು ಕೊರೋನಾ ಕಾಲದಲ್ಲಿ, ಯಾರೂ ಯಾರ ಮನೆಗೂ ಹೋಗದಿದ್ದ ದಿನಗಳಲ್ಲಿ. ವಾರ್ಡಿನಲ್ಲಿ ಹನ್ನೆರಡು ಗಂಟೆ ನಿಂತು ಬಂದ ನಾನು ಸೋಫಾದಲ್ಲಿ ಕುಸಿದಿದ್ದೆ. ಗಂಡ ದೀಪ ಆರಿಸಿದರು. ಆ ದೃಶ್ಯ ಬಂದಾಗ ಅವರು ಹೇಳಿದ್ದು: ಚಿಕ್ಕವನಿದ್ದಾಗ ಇಂಥ ಪಾರ್ಟಿಗಳಲ್ಲಿ ಮಕ್ಕಳನ್ನು ಮೇಲಿನ ಕೋಣೆಯಲ್ಲಿ ಅತಿಥಿಗಳ ಕೋಟುಗಳ ರಾಶಿಯ ಮೇಲೆ ಮಲಗಿಸುತ್ತಿದ್ದರಂತೆ. ಉಣ್ಣೆಯ ವಾಸನೆ, ಯಾರದೋ ಅತ್ತರಿನ ವಾಸನೆ, ಮತ್ತು ಕೆಳಗಿನಿಂದ ಮಂಚದ ಕಾಲಿನ ಮೂಲಕ ಬೆನ್ನಿಗೆ ತಾಗುತ್ತಿದ್ದ ಬೇಸ್ ಗಿಟಾರಿನ ಗುಡುಗು. ಅವರಿಗೆ ಸಂಗೀತ ಕಿವಿಗಿಂತ ಮೊದಲು ಬೆನ್ನಿಗೆ ಗೊತ್ತು.

ಅದೇ ಮಾಲೆಯ 'ಮ್ಯಾಂಗ್ರೋವ್' ಕೋರ್ಟಿನ ಚಿತ್ರ. ಟ್ರಿನಿಡಾಡಿನ ಫ್ರಾಂಕ್ ಕ್ರಿಚ್ಲೋ 1968ರಲ್ಲಿ ನಾಟಿಂಗ್ ಹಿಲ್‌ನಲ್ಲಿ ತೆರೆದ ಹೋಟೆಲಿನ ಮೇಲೆ ಪೊಲೀಸರು ಮತ್ತೆ ಮತ್ತೆ ದಾಳಿ ಮಾಡಿದ್ದು, ಜನ ಮೆರವಣಿಗೆ ಹೊರಟದ್ದು, ಒಂಬತ್ತು ಜನರ ಮೇಲೆ ಮೊಕದ್ದಮೆ, 1971ರಲ್ಲಿ 55 ದಿನಗಳ ವಿಚಾರಣೆ. ಎಲ್ಲವೂ ನಡೆದದ್ದೇ. 'ಎಜುಕೇಶನ್' ಎಂಬುದು ಕೆರಿಬಿಯನ್ ಮಕ್ಕಳನ್ನು ಮಂದಬುದ್ಧಿಯವರೆಂದು ಬೇರೆ ಶಾಲೆಗಳಿಗೆ ತಳ್ಳಿದ ಕಾಲದ ಚಿತ್ರ. ನನ್ನ ದೊಡ್ಡ ಭಾವನವರನ್ನೂ ಒಂದು ಶಾಲೆ ಹಾಗೆ ಕಳುಹಿಸಲು ಹೊರಟಿತ್ತು. ಅತ್ತೆ ನರ್ಸ್ ಸಮವಸ್ತ್ರದಲ್ಲೇ ಹೋಗಿ ಮುಖ್ಯೋಪಾಧ್ಯಾಯರ ಕೋಣೆಯ ಮುಂದೆ ಇಡೀ ಮಧ್ಯಾಹ್ನ ಕೂತರು. ಆ ಚಿತ್ರವನ್ನು ಅವರು ಕೊನೆಯವರೆಗೆ ನೋಡಲಿಲ್ಲ. ಎದ್ದು ಹೋಗಿ ಪಾತ್ರೆ ತೊಳೆದರು.

ಹಳೆಯದು ಬೇಕೆಂದರೆ ಹೊರೇಸ್ ಓವೆ ಅವರ 'ಪ್ರೆಶರ್', 1976. ಬ್ರಿಟನ್ನಿನಲ್ಲಿ ಕಪ್ಪು ನಿರ್ದೇಶಕರೊಬ್ಬರು ಮಾಡಿದ ಮೊದಲ ಪೂರ್ಣ ಪ್ರಮಾಣದ ಚಿತ್ರ. ಚಿತ್ರಕಥೆಯಲ್ಲಿ ಅವರ ಜೊತೆಗಾರರು ಸ್ಯಾಮ್ಯುಯೆಲ್ ಸೆಲ್ವನ್, ರಾಮಾಧೀನ್ ಅವರಂತೆ ಭಾರತೀಯ ಮೂಲದ ಟ್ರಿನಿಡಾಡಿನವರು. ಇಂಗ್ಲೆಂಡಿನಲ್ಲಿ ಹುಟ್ಟಿದ ತಮ್ಮ, ಟ್ರಿನಿಡಾಡಿನಲ್ಲಿ ಹುಟ್ಟಿದ ಅಣ್ಣ. ಒಂದೇ ಮನೆಯಲ್ಲಿ ಎರಡು ದೇಶ.

ಭಾಷೆಯ ಬಗ್ಗೆ ಹೆದರಬೇಡಿ. ಇಂಗ್ಲಿಷ್ ಅಡಿಬರಹ ಹಾಕಿಕೊಳ್ಳಿ. ಜಮೈಕಾದವರ 'ಪಟ್ವಾ' ಕೆಟ್ಟ ಇಂಗ್ಲಿಷ್ ಅಲ್ಲ, ಅದಕ್ಕೆ ತನ್ನದೇ ವ್ಯಾಕರಣವಿದೆ. ಧಾರವಾಡದ ಮಾತಿನ ಸೊಗಸು ಗೊತ್ತಿರುವ ನಿಮಗೆ ಇದನ್ನು ನಾನು ವಿವರಿಸಬೇಕಿಲ್ಲ.

ಪ್ರ: ಸ್ಟೀಲ್‌ಪ್ಯಾನ್ ವಾದ್ಯವನ್ನು ಎಣ್ಣೆ ಡ್ರಮ್ಮಿನಿಂದ ಮಾಡುತ್ತಾರಂತೆ. ಹೌದೇ?
– ಹೈಸ್ಕೂಲು ಶಿಕ್ಷಕಿ, ಮೈಸೂರು

ಉ: ಹೌದು, 55 ಗ್ಯಾಲನ್ನಿನ ಡ್ರಮ್ಮಿನಿಂದಲೇ. ಅದರ ತಳವನ್ನು ಸುತ್ತಿಗೆಯಿಂದ ಬಡಿಬಡಿದು ಬಾಣಲೆಯಂತೆ ಒಳಕ್ಕೆ ತಗ್ಗಿಸುತ್ತಾರೆ. ಸ್ವರಗಳ ಮನೆಗಳನ್ನು ಗುರುತು ಹಾಕಿ, ಬೆಂಕಿಯಲ್ಲಿ ಕಾಯಿಸಿ ಹದ ಮಾಡಿ, ಮತ್ತೆ ಸಣ್ಣ ಸುತ್ತಿಗೆಯಿಂದ ಒಂದೊಂದು ಮನೆಯನ್ನೂ ಶ್ರುತಿಗೆ ತರುತ್ತಾರೆ. ಟ್ರಿನಿಡಾಡಿನಲ್ಲಿ ಬ್ರಿಟಿಷರು 1880ರ ದಶಕದಲ್ಲಿ ಚರ್ಮವಾದ್ಯಗಳನ್ನು ಅಡಗಿಸಿದರು. ಜನ ಬಿದಿರಿನ ಕೊಳವೆಗಳನ್ನು ನೆಲಕ್ಕೆ ಕುಟ್ಟಿ ತಾಳ ಮಾಡಿದರು. ಆಮೇಲೆ ಬಿಸ್ಕತ್ತಿನ ಡಬ್ಬ, ಬಣ್ಣದ ಡಬ್ಬ. 1940ರ ದಶಕದ ಹೊತ್ತಿಗೆ ಎಣ್ಣೆ ಡ್ರಮ್. 1951ರಲ್ಲಿ ಹನ್ನೊಂದು ಜನರ 'ಟಾಸ್ಪೊ' ತಂಡ 'ಫೆಸ್ಟಿವಲ್ ಆಫ್ ಬ್ರಿಟನ್'ಗೆ ಬಂದು ಲಂಡನ್ನಿನಲ್ಲಿ ನುಡಿಸಿತು. ಆ ತಂಡದ ಸ್ಟರ್ಲಿಂಗ್ ಬೆಟನ್ಕೋರ್ಟ್ ಇಲ್ಲಿಯೇ ಉಳಿದರು, ಲಂಡನ್ನಿನ ಕೆರಿಬಿಯನ್ ಬೀದಿ ಹಬ್ಬವಾದ ನಾಟಿಂಗ್ ಹಿಲ್ ಕಾರ್ನಿವಲ್ಲಿನ ಮೊದಲ ದಿನಗಳಿಗೂ ದನಿಯಾದರು.

ನನ್ನ ಮಗಳಿಗೆ ಈಗ 15. ಶನಿವಾರಗಳಂದು ಒಂದು ತಂಡದಲ್ಲಿ ಟೆನರ್ ಪ್ಯಾನ್ ನುಡಿಸುತ್ತಾಳೆ. ಕೋಲಿನ ತುದಿಗೆ ಸುತ್ತಿದ ರಬ್ಬರ್ ಸವೆದರೆ ದನಿ ಒರಟಾಗುತ್ತದೆಂದು ವಾರಕ್ಕೊಮ್ಮೆ ತಾನೇ ಬಿಚ್ಚಿ ಸುತ್ತುತ್ತಾಳೆ. ಟ್ರಿನಿಡಾಡ್ ಮತ್ತು ಟೊಬೇಗೊ ದೇಶಕ್ಕೆ 1992ರಿಂದ ಇದು ರಾಷ್ಟ್ರೀಯ ವಾದ್ಯ.

ಪ್ರ: ಅಲ್ಲಿನ ಟಿ.ವಿ. ಧಾರಾವಾಹಿಗಳಲ್ಲಿ ನಿಮಗೆ ಇಷ್ಟವಾದ ಒಂದನ್ನು ಹೇಳಿ. ಅಳಿಸುವಂಥದ್ದು ಬೇಡ.
– ಗೃಹಿಣಿ, ಪುತ್ತೂರು

ಉ: ನಗಿಸುವಂಥದ್ದನ್ನೇ ಹೇಳುತ್ತೇನೆ, ಆದರೆ ಕೊನೆಗೆ ಕಣ್ಣು ಒದ್ದೆಯಾದರೆ ನನ್ನನ್ನು ಕ್ಷಮಿಸಬೇಕು. 'ಡೆಸ್ಮಂಡ್ಸ್'. 1989ರಿಂದ 1994ರವರೆಗೆ ಚಾನೆಲ್ 4ರಲ್ಲಿ ಬಂತು, 71 ಕಂತು. ಬರೆದವರು ಸೇಂಟ್ ಲೂಸಿಯಾದಲ್ಲಿ ಹುಟ್ಟಿ ಲಂಡನ್ನಿನ ಪೆಕ್ಹಮ್‌ನಲ್ಲಿ ಬೆಳೆದ ಟ್ರಿಕ್ಸ್ ವೊರೆಲ್. ಪೆಕ್ಹಮ್‌ನ ಒಂದು ಕ್ಷೌರದಂಗಡಿ. ಅದರ ಒಡೆಯ ಗಯಾನಾದ ಡೆಸ್ಮಂಡ್. ಅಂಗಡಿಗೆ ಕ್ಷೌರಕ್ಕೆ ಬರುವವರಿಗಿಂತ ಹರಟೆಗೆ ಬಂದು ಕೂರುವವರೇ ಹೆಚ್ಚು. ನಿಮ್ಮ ಪೇಟೆಯಲ್ಲೂ ಅಂಥ ಅಂಗಡಿ ಒಂದಾದರೂ ಇದ್ದೇ ಇರುತ್ತದೆ. ಗೆಳೆಯ ಪೋರ್ಕ್‌ಪೈ, ಯಾವ ಮಾತಿಗೂ ಆಫ್ರಿಕಾದ ಗಾದೆಯೊಂದನ್ನು ಮುಂದಿಡುವ ಗ್ಯಾಂಬಿಯಾದ ವಿದ್ಯಾರ್ಥಿ ಮ್ಯಾಥ್ಯೂ, ಗಂಡನ ಗೊಣಗಾಟವನ್ನು ಒಂದೇ ನೋಟದಲ್ಲಿ ನಿಲ್ಲಿಸುವ ಹೆಂಡತಿ ಶರ್ಲಿ. ಕಪ್ಪು ಕುಟುಂಬವೊಂದನ್ನು ಪೊಲೀಸು, ಜಗಳ, ಕಷ್ಟ ಎಂಬ ಚೌಕಟ್ಟಿನಿಂದ ಹೊರಗಿಟ್ಟು, ಬಾಯಿ ತುಂಬ ಮಾತಾಡುವ ಮನೆಮಂದಿಯಾಗಿ ತೋರಿಸಿದ್ದೇ ಅದರ ಹೆಚ್ಚುಗಾರಿಕೆ.

ಡೆಸ್ಮಂಡ್ ಸದಾ ಹೇಳುವುದು ಒಂದೇ: ಇನ್ನೇನು ಗಯಾನಾಕ್ಕೆ ಹಿಂದಿರುಗುತ್ತೇನೆ. ಹೆಂಡತಿಗೆ ಆ ಆಸೆಯಿಲ್ಲ, ಮಕ್ಕಳೆಲ್ಲ ಇಲ್ಲಿದ್ದಾರೆ. ಆ ಪಾತ್ರ ಮಾಡಿದ ನಾರ್ಮನ್ ಬೀಟನ್ ಗಯಾನಾದಲ್ಲೇ ಹುಟ್ಟಿದವರು. 1994ರ ಡಿಸೆಂಬರ್‌ನಲ್ಲಿ, ಧಾರಾವಾಹಿ ಮುಗಿಯುವ ಹೊತ್ತಿಗೆ, ಅವರು ಗಯಾನಾದ ರಾಜಧಾನಿ ಜಾರ್ಜ್‌ಟೌನಿಗೆ ಹೋದರು, ಅಲ್ಲಿಯೇ ತೀರಿಕೊಂಡರು. ನನ್ನ ಮಾವ ತಮ್ಮ ಕೊನೆಯ ವರ್ಷಗಳಲ್ಲಿ ಈ ಧಾರಾವಾಹಿಯ ಕಂತುಗಳನ್ನು ಮತ್ತೆ ಮತ್ತೆ ನೋಡುತ್ತಿದ್ದರು. ಅವರ ಮಂಚದ ಕೆಳಗೆ ಜಮೈಕಾಕ್ಕೆಂದು ಕಟ್ಟಿಟ್ಟ ಸೂಟ್‌ಕೇಸ್ ಇತ್ತು. ಅದರಲ್ಲಿ ಎರಡು ಹೊಸ ಅಂಗಿಗಳಿದ್ದವು, ಪಿನ್ನು ಕೂಡ ತೆಗೆದಿರಲಿಲ್ಲ.

ಪ್ರ: ಕೆರಿಬಿಯನ್ ದ್ವೀಪಗಳಲ್ಲಿ ನಮ್ಮವರೂ ಇದ್ದಾರಲ್ಲ. ಅವರ ಸಂಗೀತದ ಬಗ್ಗೆ ಏಕೆ ಬರೆಯಲಿಲ್ಲ? ಅವರಲ್ಲಿ ಕನ್ನಡಿಗರಿದ್ದಾರೆಯೇ?
– ವಕೀಲರು, ಕಲಬುರಗಿ

ಉ: ಭಾರತೀಯ ಮೂಲದವರು ಇದ್ದಾರೆ, ಲಕ್ಷಗಟ್ಟಲೆ. ಕಬ್ಬಿನ ತೋಟಗಳಿಗೆ ಕರಾರಿನ ಕೂಲಿಗಳಾಗಿ ಹೋದವರ ಮೊಮ್ಮಕ್ಕಳು, ಮರಿಮಕ್ಕಳು. ಗಯಾನಾಕ್ಕೆ ಮೊದಲ ಹಡಗುಗಳು ಮುಟ್ಟಿದ್ದು 1838ರ ಮೇ 5. ಟ್ರಿನಿಡಾಡಿಗೆ 'ಫತೇಲ್ ರಜಾಕ್' ಬಂದದ್ದು 1845ರ ಮೇ 30. ಅದೇ ತಿಂಗಳು ಜಮೈಕಾಕ್ಕೂ. ಹೆಚ್ಚಿನವರು ಕಲ್ಕತ್ತೆಯಿಂದ ಹಡಗು ಹತ್ತಿದ ಭೋಜಪುರಿ, ಅವಧಿ ಮಾತಿನವರು. ಮದ್ರಾಸಿನಿಂದ ಹೊರಟವರಲ್ಲಿ ತಮಿಳರು, ತೆಲುಗರೇ ಬಹುಪಾಲು.

ಅವರ ಸಂಗೀತಕ್ಕೆ 'ಚಟ್ನಿ' ಎಂದೇ ಹೆಸರು. ಹಾರ್ಮೋನಿಯಂ, ಢೋಲಕ್, ಜೊತೆಗೆ 'ಧಂತಾಲ್': ಉದ್ದನೆಯ ಉಕ್ಕಿನ ಸರಳು, ಅದನ್ನು ಬಡಿಯಲು ಕುದುರೆ ಲಾಳದ ಆಕಾರದ ಇನ್ನೊಂದು ತುಂಡು. ಮದುವೆಯ ಹಿಂದಿನ ರಾತ್ರಿ ಹೆಂಗಸರು ಹಾಡುತ್ತಿದ್ದ ಹಾಡುಗಳಿಂದ ಬಂದ ಧಾಟಿ. ಟ್ರಿನಿಡಾಡಿನ ಸುಂದರ್ ಪೋಪೊ 1970ರ ಸುಮಾರಿಗೆ ಅಜ್ಜ ಅಜ್ಜಿಯ ಮೇಲೆ ಹಿಂದಿ, ಇಂಗ್ಲಿಷ್ ಎರಡನ್ನೂ ಬೆರೆಸಿ ಹಾಡಿದ ಹಾಡು ಮನೆಮನೆಗೂ ಹೋಯಿತು. 1970ರಿಂದ 'ಮಸ್ತಾನಾ ಬಹಾರ್' ಎಂಬ ಟಿ.ವಿ. ಸ್ಪರ್ಧೆ ಅಲ್ಲಿನ ಹುಡುಗ ಹುಡುಗಿಯರಿಗೆ ವೇದಿಕೆಯಾಯಿತು. 1980ರ ದಶಕದಲ್ಲಿ ದ್ರುಪತಿ ರಾಮ್‌ಗೂನೈ ಚಟ್ನಿಯನ್ನು ಕ್ಯಾಲಿಪ್ಸೊದಿಂದ ಹುಟ್ಟಿದ ಕುಣಿತದ ಸಂಗೀತವಾದ ಸೋಕಾ ಜೊತೆ ಬೆರೆಸಿದರು. ಹೆಣ್ಣುಮಗಳೊಬ್ಬಳು ಕಾರ್ನಿವಲ್ ವೇದಿಕೆ ಏರಿ ಹಾಡುವುದೇ ಎಂದು ಅವರ ಸಮಾಜದಲ್ಲೇ ಹಲವರು ಹರಿಹಾಯ್ದರು. ಅವರು ಹಾಡುವುದನ್ನು ಬಿಡಲಿಲ್ಲ. ಇನ್ನು ಮುಂಬೈಯ ಬಾಬ್ಲಾ ಮತ್ತು ಕಂಚನ್ ದಂಪತಿ ಸುಂದರ್ ಪೋಪೊ ಅವರ ಹಾಡುಗಳನ್ನೇ ಮತ್ತೆ ಹಾಡಿ ಭಾರತಕ್ಕೂ ಕೇಳಿಸಿದರು. ಹೋದ ಹಾಡು ಬೇರೆ ವೇಷದಲ್ಲಿ ತಿರುಗಿ ಬಂತು.

ನಾನು ಬರೆಯದಿರಲು ಕಾರಣ ಒಂದೇ: ಇದು ನನ್ನ ಅತ್ತೆಯ ಮನೆಯಲ್ಲಿ ಹಾಡುತ್ತಿದ್ದುದಲ್ಲ. ವಾರ್ಡಿನಲ್ಲಿ ಗಯಾನಾದ ಸಹೋದ್ಯೋಗಿಯೊಬ್ಬರು ರಾತ್ರಿ ಪಾಳಿಯಲ್ಲಿ ಕೇಳಿಸಿದಾಗ ಮೊದಲು ಪರಿಚಯವಾಯಿತು. ಆದರೆ ಅತ್ತೆ ಮಾಡುವ ಆಡಿನ ಕರಿ ಮಾತ್ರ ಆ ಹಡಗುಗಳಲ್ಲಿ ಹೋದವರಿಂದಲೇ ಜಮೈಕಾಕ್ಕೆ ಬಂದದ್ದು.

ಪ್ರ: ಅಕ್ಕಾ, ನಾನೂ ಇಂಗ್ಲೆಂಡಿನಲ್ಲೇ ಇದ್ದೇನೆ. ಮಗನಿಗೆ 13. ಮನೆಯಲ್ಲಿ ಕನ್ನಡ ಹಾಡು ಹಾಕಿದರೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುತ್ತಾನೆ. ಭಾವಗೀತೆಯ ತರಗತಿಗೆ ಎರಡು ವಾರ ಹೋಗಿ ಬಿಟ್ಟ. ತಾನೇ ಏನೋ ಕಂಪ್ಯೂಟರಿನಲ್ಲಿ ತಾಳ ಕೂಡಿಸುತ್ತಾ ಕೂರುತ್ತಾನೆ. ನಮ್ಮದೆಲ್ಲ ನಮಗೇ ಮುಗಿಯಿತೇ ಎಂದು ಸಂಕಟವಾಗುತ್ತದೆ. ನಿಮ್ಮ ಅತ್ತೆಯವರು ಇದನ್ನೆಲ್ಲ ಹೇಗೆ ಎದುರಿಸಿದರು?
– ಲೆಸ್ಟರ್‌ನ ತಾಯಿಯೊಬ್ಬರು

ಉ: ತಂಗೀ, ನಿಮ್ಮ ಪತ್ರವನ್ನು ಅತ್ತೆಗೆ ಇಂಗ್ಲಿಷಿನಲ್ಲಿ ಓದಿ ಹೇಳಿದೆ. ಅವರು ಕೇಳಿದ್ದು: 'ಆ ಹುಡುಗ ಮಾಡುವ ತಾಳವನ್ನು ಅವಳು ಕೇಳಿದ್ದಾಳೆಯೇ?'

ಲವರ್ಸ್ ರಾಕ್ ಎಂದೆನಲ್ಲ, ಅದು ಸಿನಿಮಾಕ್ಕೆ ಮೊದಲು ಒಂದು ಸಂಗೀತದ ಹೆಸರು. ಅದು ಜಮೈಕಾದಿಂದ ಬಂದದ್ದಲ್ಲ. 1970ರ ದಶಕದ ನಡುವೆ ದಕ್ಷಿಣ ಲಂಡನ್ನಿನಲ್ಲಿ ಹುಟ್ಟಿದ್ದು. ಆ ಹೆಸರಿನ ರೆಕಾರ್ಡ್ ಲೇಬಲ್ ಇದ್ದದ್ದು ಬ್ರಾಕ್ಲಿಯಲ್ಲಿ, ನಮ್ಮ ಮನೆಯಿಂದ ಬಸ್ಸಿನಲ್ಲಿ ಸ್ವಲ್ಪವೇ ದೂರ. 1975ರಲ್ಲಿ ಲೂಯಿಸಾ ಮಾರ್ಕ್ ಇದರ ಮೊದಲ ಹಾಡೆಂದು ಹೆಸರಾದದ್ದನ್ನು ಹಾಡಿದಾಗ ಇನ್ನೂ ಶಾಲೆಗೆ ಹೋಗುವ ಹುಡುಗಿ. ಜಾನೆಟ್ ಕೇ ಲಂಡನ್ನಿನಲ್ಲೇ ಹುಟ್ಟಿದವರು. ಡೆನಿಸ್ ಬೊವೆಲ್ ಬಾರ್ಬಡೋಸ್‌ನಿಂದ 12ನೆಯ ವಯಸ್ಸಿಗೆ ಬಂದವರು. ಮನೆಯಲ್ಲಿ ತಂದೆ ತಾಯಿಯ ರೆಗೇ, ಹೊರಗೆ ಅಮೆರಿಕದ ಸೋಲ್ ಸಂಗೀತ. ಮಕ್ಕಳು ಎರಡರ ನಡುವೆ ಕೂತು ತಮ್ಮದನ್ನು ಮಾಡಿಕೊಂಡರು. ಆ ಕಾಲದ ಜಮೈಕಾದ ರೆಗೇಯಲ್ಲಿ ಹೋರಾಟ, ಧರ್ಮ, ಗಂಡಸರ ದನಿ ತುಂಬಿತ್ತು. ಇಲ್ಲಿನ ಹುಡುಗಿಯರಿಗೆ ಒಲವಿನ ಮಾತು, ಮುನಿಸಿನ ಮಾತು ಹೇಳಬೇಕಿತ್ತು, ಹೇಳಿದರು. ಜಮೈಕಾದ ಗಟ್ಟಿ ಕಿವಿಗಳಿಗೆ ಅದು ಮೊದಲು ತೀರ ಮೆದುವಾಗಿ ಕಂಡಿತು.

ಅತ್ತೆಗೂ ಕಂಡಿತ್ತು. ನನ್ನ ನಾದಿನಿ ಮೊದಲ ಸಲ ಆ ತಟ್ಟೆಯನ್ನು ಬ್ಲೂ ಸ್ಪಾಟ್ ಮೇಲೆ ಇಟ್ಟಾಗ ಅತ್ತೆ ಅದನ್ನು ತೆಗೆದು ಜಿಮ್ ರೀವ್ಸ್ ಹಾಕಿದರಂತೆ. ಮೂರನೆಯ ಭಾನುವಾರ ತೆಗೆಯಲಿಲ್ಲ. ಕಾರಣ ಕೇಳಿದರೆ ಅವರು ಹೇಳುವುದು ಇಷ್ಟೇ: ಅಡುಗೆಮನೆಯಿಂದ ಕೇಳುತ್ತಿದ್ದಾಗ ಅದರ ಕೆಳಗೆ ಓಡುತ್ತಿದ್ದ ಬೇಸ್ ತಮ್ಮ ಊರಿನದೇ ಎಂದು ಕೈಯಲ್ಲಿದ್ದ ಸೌಟಿಗೆ ಗೊತ್ತಾಯಿತಂತೆ. ಮಗಳು ಹಾಡಿನ ಮೇಲ್ಭಾಗವನ್ನು ಬದಲಿಸಿದ್ದಳು, ತಳವನ್ನಲ್ಲ.

ನಾನೂ ಇದನ್ನು ಸುಲಭವಾಗಿ ಕಲಿತವಳಲ್ಲ. ಮಗಳಿಗೆ ನಾಲ್ಕು ವರ್ಷವಿದ್ದಾಗಿನಿಂದ ದೇವರನಾಮ ಹೇಳಿಕೊಡುತ್ತಿದ್ದೆ. ಹನ್ನೊಂದಕ್ಕೆ ನಿಲ್ಲಿಸಿದಳು. ಒಂದು ತಿಂಗಳು ಅವಳೊಡನೆ ಸರಿಯಾಗಿ ಮಾತಾಡಲಿಲ್ಲ. ಕಳೆದ ವರ್ಷ ಅವಳ ಪ್ಯಾನ್ ತಂಡದ ಅಭ್ಯಾಸದ ದಿನ ಅವಳನ್ನು ಕರೆತರಲು ಹೋಗಿದ್ದೆ. ಎಲ್ಲರೂ ಹೊರಟಿದ್ದರು. ಅವಳೊಬ್ಬಳೇ ಪ್ಯಾನಿನ ಮುಂದೆ ನಿಂತು ಏನನ್ನೋ ಹುಡುಕುತ್ತಿದ್ದಳು. ಬಾಗಿಲ ಬಳಿ ನಿಂತು ಕೇಳಿದೆ. ಮೋಹನ ರಾಗದ ಆರೋಹಣ. ಹೆಸರು ಅವಳಿಗೆ ಗೊತ್ತಿಲ್ಲ. 'ಅಮ್ಮಾ, ನೀನು ಪಾತ್ರೆ ತೊಳೆಯುವಾಗ ಗುನುಗುತ್ತೀಯಲ್ಲ, ಅದು' ಎಂದಳು. ಒಂದು ಸ್ವರ ತಪ್ಪಿತ್ತು. ನಾಲಿಗೆಯ ತುದಿಗೆ ಬಂದದ್ದನ್ನು ತಡೆದುಕೊಂಡೆ.

ಆದ್ದರಿಂದ ನಿಮಗೆ ಹೇಳುವುದು ಇಷ್ಟು. ಈ ಭಾನುವಾರ ಅಡುಗೆಮನೆಯ ಸ್ಪೀಕರನ್ನು ಮಗನಿಗೆ ಬಿಟ್ಟುಕೊಡಿ. ಅವನು ಕೂಡಿಸಿದ ತಾಳವನ್ನೇ ಹಾಕಲಿ. ನೀವು ನಿಮ್ಮ ಪಾಡಿಗೆ ಒಗ್ಗರಣೆ ಹಾಕುತ್ತಿರಿ. ಹೊಗಳುವುದೂ ಬೇಡ, ತಿದ್ದುವುದೂ ಬೇಡ, ನಡುವೆ ಭಾವಗೀತೆಯ ಮಾತೂ ಬೇಡ. ತಳದಲ್ಲಿ ಏನು ಓಡುತ್ತಿದೆ ಎಂದು ಮಾತ್ರ ಕಿವಿಯಿಟ್ಟು ಕೇಳಿ, ಮೂರು ಭಾನುವಾರ. ಆಮೇಲೆ ನನಗೆ ಬರೆಯಿರಿ. ಅತ್ತೆ ದಿನವೂ ಕೇಳುತ್ತಿದ್ದಾರೆ, ಲೆಸ್ಟರ್‌ನಿಂದ ಪತ್ರ ಬಂತೇ ಎಂದು.